ಮಗಳ ಕಾಯಿ ಕಡಿದ ದಿನ

ಆನೆ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ದಾರಿ ದಾಟಿತು. ನೆಲ್ಯಹುದಿಕೇರಿಯ ತೋಟದ ದಾರಿಯಲ್ಲಿ, ಬೆಳಿಗ್ಗೆ, ಮಗಳನ್ನು ಶಾಲೆಗೆ ಬಿಡಲು ಹೋಗುತ್ತಿದ್ದೆ. ಕಾಫಿ ಗಿಡ ಮುರಿಯುವ ಸದ್ದು ಕೇಳಿದರೂ ಮಗಳ ಕೈ ಹಿಡಿದು ನಿಂತೇಬಿಟ್ಟೆ. ಅದು ನಮ್ಮ ಕಡೆ ತಿರುಗಿ ಕಿವಿ ಅಗಲಿಸಿತು, ಆಮೇಲೆ ತನ್ನ ಪಾಡಿಗೆ ಇಳಿದು ಹೋಯಿತು. ಏನೂ ಆಗಲಿಲ್ಲ. ಆದರೆ ಈಗಲೂ ಪಾತ್ರೆ ತೊಳೆಯುವಾಗ ಆ ಸದ್ದು ಕೇಳುತ್ತದೆ. ಅದು ಮುಂದೆ ಬಂದಿದ್ದರೆ?

ಎರಡನೇ ತರಗತಿಯ ಮಗಳು ಮಾರನೆಯ ದಿನದಿಂದ ಮನೆಯ ಮೆಟ್ಟಿಲಿಳಿಯಲಿಲ್ಲ. ಬೈದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಎರಡು ವಾರ ಶಾಲೆ ತಪ್ಪಿತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಬಂದು, ನಮ್ಮ ಜಗಲಿಯ ಮೇಲೆ ಮಗಳ ಕೈಯಲ್ಲೇ ಸೀಮೆಸುಣ್ಣದಿಂದ ಚೌಕಾಬಾರ ಆಟದ ಮನೆಗಳನ್ನು ಬರೆಸಿದರು. ಕವಡೆಯ ಬದಲು ಒಂದು ಬದಿ ತೇಯ್ದ ನಾಲ್ಕು ಹುಣಸೆಬೀಜ. ಅವಳ ಕಾಯಿಗಳು ಕಾಫಿ ಬೀಜ, ನನ್ನವು ಕಲ್ಲಿನ ಚೂರು. ಕಡಿಸಿಕೊಂಡ ಕಾಯಿ ಮೊದಲ ಮನೆಯಿಂದ ಮತ್ತೆ ಹೊರಡಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ.

ನಾಲ್ಕೇ ದಿನದಲ್ಲಿ ಮಗಳು ಬೆರಳು ಮಡಿಸದೆ ಎಣಿಸತೊಡಗಿದಳು. ನನಗೆ ಎಷ್ಟು ಬಿದ್ದರೆ ತನಗೆ ಅಪಾಯವೆಂದು ಮೊದಲೇ ನೋಡಿ, ಯಾರೂ ಕಡಿಯಲಾಗದ ಕಟ್ಟೆಯಲ್ಲಿ ಕಾಯುವುದನ್ನೂ ಕಲಿತಳು. ನಾನು ಮಾತ್ರ ಅವಳ ಕಾಯಿ ಕಡಿಯುತ್ತಿರಲಿಲ್ಲ. ಅವಕಾಶ ಬಂದಾಗ ಬೇರೆ ಕಾಯಿ ನಡೆಸುತ್ತಿದ್ದೆ. ಹಾಗಾಗಿ ನನ್ನವೆಲ್ಲ ಹೊರಸುತ್ತಿನಲ್ಲೇ ತಿರುಗುತ್ತಿದ್ದವು.

"ಎಂಥ ಮಾರಾಯ್ತಿ, ಪ್ರದಕ್ಷಿಣೆ ಹಾಕ್ಲಿಕ್ಕೆ ಕೂತದ್ದಾ?" ಅಜ್ಜಿ ಕುರ್ಚಿಯಿಂದಲೇ ನಕ್ಕರು. "ಡಿಗ್ರಿ ಮಾಡಿದವಳಿಗೆ ಮೂರು ಮನೆ ಎಣಿಸ್ಲಿಕ್ಕೆ ಬರೂದಿಲ್ವಾ?"

"ಅಮ್ಮ ಬೇಕಂತ ಬಿಡ್ತಾಳೆ ಅಜ್ಜಿ, ಮೋಸ!" ಮಗಳು ಬೀಜಗಳನ್ನು ನನ್ನ ಕೈಗೆ ತುರುಕಿದಳು. "ಕಡಿ ನೀನು. ನಂಗೇನೂ ಆಗಲ್ಲ."

ಮೂರು ಬಿತ್ತು. ಕಡಿದೆ. ಅವಳ ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡೆ. ಅವಳು ಕಾಯಿಯನ್ನು ಮೊದಲ ಮನೆಯಲ್ಲಿಟ್ಟು, "ಈಗ ನಂದು" ಎಂದು ಬೀಜ ಕುಲುಕಿದಳು.

ಸೋಮವಾರ ತಾನಾಗಿಯೇ ಯೂನಿಫಾರ್ಮ್ ಹಾಕಿಕೊಂಡು ನಿಂತಳು.

"ಆನೆ ಎಲ್ಲಿದೆ ಅಂತ ಫಾರೆಸ್ಟ್‌ನವರ ಮೆಸೇಜ್ ಬಂತಾ ಅಮ್ಮ?"

"ಹೊಳೆಯಾಚೆ ಹೋಗಿದೆಯಂತೆ."

"ಹಾಗಾದ್ರೆ ಹೋಗುವ. ಮೋರಿ ಹತ್ರ ನಿಂತು ನೋಡುವ, ಆಮೇಲೆ ಗೇಟ್ ಹತ್ರ."

ನಿಲ್ಲುವ ಜಾಗಗಳನ್ನು ಅವಳಾಗಲೇ ಗುರುತು ಮಾಡಿಕೊಂಡಿದ್ದಳು. ಅವಳ ಕೈ ಬಿಗಿಯಾಗಿ ಹಿಡಿದು ಮೆಟ್ಟಿಲಿಳಿದೆ.

"ಅಮ್ಮಾ, ನೋವಾಗ್ತದೆ" ಎಂದಳು.

ಹಿಡಿತ ಸ್ವಲ್ಪ ಸಡಿಲಿಸಿದೆ.