ಅಂಗಡಿಯಲ್ಲಿ ಮಾತ್ರ ಕಾಣುತ್ತಿದ್ದ ಬೀಗದ ಕೈ

ಆ ದಿನ ಅಂಗಡಿಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಎರಡು ವರ್ಷದ ಹಿಂದಿನ ಮಾತು. ಮಧುಗಿರಿ ಬಸ್ ನಿಲ್ದಾಣದ ಹತ್ತಿರ ನಾನೂ ನನ್ನ ತಮ್ಮ ನಾಗರಾಜನೂ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೆವು. ಫೋನ್ ಬಿಚ್ಚುವುದು, ಬೆಸುಗೆ ಹಾಕುವುದು ಅವನ ಕೆಲಸ. ಸಾಫ್ಟ್‌ವೇರು, ಇಂಟರ್ನೆಟ್ಟು, ಅಂಗಡಿಯ ವೈ-ಫೈ ಕೊಡುವ ರೂಟರು ನನ್ನ ಪಾಲಿನವು.

ಅವತ್ತು ದೊಡ್ಡೇರಿಯ ಕಡಲೆಕಾಯಿ ವ್ಯಾಪಾರಿಯೊಬ್ಬರು ಬಂದಿದ್ದರು. ಫೋನ್ ಕಾದ ಹೆಂಚಿನಂತಿತ್ತು. ಇಲ್ಲಿ ತೋರಿಸದ ಯಾವುದೋ ಕ್ರಿಕೆಟ್ ಪಂದ್ಯ ನೋಡಲು ಅವರು ಪುಕ್ಕಟೆ ವಿಪಿಎನ್ ಹಾಕಿಕೊಂಡಿದ್ದರು. ವಿಪಿಎನ್ ಅಂದರೆ, ನಮ್ಮ ಫೋನಿನಿಂದ ಹೋಗುವುದೆಲ್ಲ ಮುಚ್ಚಿದ ದಾರಿಯಲ್ಲಿ ಬೇರೆಲ್ಲೋ ಇರುವ ಸರ್ವರ್‌ಗೆ ಹೋಗಿ, ಅಲ್ಲಿಂದ ಮುಂದಕ್ಕೆ ಹೋಗುವ ವ್ಯವಸ್ಥೆ. ಆಗ ನಾವು ಆ ಸರ್ವರ್ ಇರುವ ದೇಶದಲ್ಲೇ ಇರುವಂತೆ ಸೈಟುಗಳಿಗೆ ಕಾಣುತ್ತದೆ.

"ಯಜಮಾನ್ರೆ, ಪುಕ್ಸಟ್ಟೆ ಕೊಡೋನು ನಿಮ್ ಮಾವನಾ?" ಎಂದ ನಾಗರಾಜ.

"ಯಾರ್ಗೂ ಏನೂ ಗೊತ್ತಾಗಕಿಲ್ಲ ಅಂತ ಹಾಕ್ಕಂಡೆ ಕಣಪ್ಪ."

"ಯಾರೋ ಒಬ್ರಿಗೆ ಗೊತ್ತಾಗೇ ಆಯ್ತದೆ. ಸಿಮ್ ಕಂಪ್ನಿಯೋನಿಗೆ ಕಾಣ್ದೆ ಇದ್ರೆ ಆ ಸರ್ವರ್‌ನೋನಿಗೆ ಕಾಣ್ತದೆ. ಇಬ್ರಲ್ಲಿ ಯಾರ್ನ ನಂಬ್ತೀರ ಅನ್ನದಷ್ಟೇಯ."

ಸಂಜೆ ಷಟರ್ ಎಳೆಯುವ ಮೊದಲು ಎಂದಿನಂತೆ ರೂಟರ್ ಪುಟ ತೆರೆದೆ. ಕಾಯುವ ಗಿರಾಕಿಗಳಿಗೆ ನಮ್ಮ ವೈ-ಫೈ ಕೊಡುತ್ತಿದ್ದೆವು. ಯಾರಾದರೂ ಏನಾದರೂ ಮಾಡಿದರೆ ಹೆಸರು ನಮ್ಮದು ಕೆಡುತ್ತದೆ ಎಂದು ದಿನವೂ ನೋಡುವುದು ರೂಢಿ. ಅದರಲ್ಲಿ ಯಾವ ಫೋನ್ ಯಾವ ಸೈಟಿಗೆ ಹೋಯಿತೆಂದು ಮಾತ್ರ ಕಾಣುತ್ತದೆ, ಒಳಗೆ ಓದಿದ್ದು ಕಾಣುವುದಿಲ್ಲ. ನಾಗರಾಜನ ಫೋನೂ ಅದರಲ್ಲಿರುತ್ತಿತ್ತು. "ಲೇ ನಾಗ, ಹಳೇ ಬೈಕ್ ಸೈಟಿಗೆ ಹೋಗಿದ್ದೀಯಲ್ಲ, ಇರೋ ಬೈಕ್ ಏನ್ಲಾ ಮಾಡ್ತು?" ಎಂದು ಹಿಂದೆಲ್ಲ ರೇಗಿಸುತ್ತಿದ್ದೆ. "ನೀನು ಪೊಲೀಸ್ ಆಗ್ಬೇಕಿತ್ತು ಕಣಕ್ಕ" ಎಂದು ನಗುತ್ತಿದ್ದ. ಕೆಲವು ತಿಂಗಳಿಂದ ಅವನ ಫೋನಿನ ಮುಂದೆ ಗುರುತಿಲ್ಲದ ಒಂದೇ ವಿಳಾಸ ಇರುತ್ತಿತ್ತು. ಯಾವುದೋ ಆ್ಯಪ್ ಅಪ್‌ಡೇಟ್ ಇರಬೇಕು ಎಂದುಕೊಂಡು ಆ ಸಂಜೆಯೂ ಪುಟ ಮುಚ್ಚಿದೆ.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದ ನಾಗರಾಜ ಬಚ್ಚಲಲ್ಲೇ ಕುಸಿದ. ಹೃದಯ ನಿಂತಿದೆ ಎಂದರು ಆಸ್ಪತ್ರೆಯಲ್ಲಿ.

ತಿಥಿ ಮುಗಿದ ಮೇಲೆ ಅವನ ಹೆಂಡತಿ ಗಿರಿಜಾ ಅವನ ಫೋನ್ ಹಿಡಿದು ಅಂಗಡಿಗೆ ಬಂದಳು. ಅವಳ ತವರು ಪಾವಗಡ. ತಿಥಿಗೆ ಬಂದಿದ್ದ ಅವಳ ಅಣ್ಣ ಆ ಫೋನಿನಲ್ಲಿ ವಿಪಿಎನ್ ಆ್ಯಪ್ ಕಂಡಿದ್ದ.

"ಜೂಜಾಡೋರು, ಇನ್ನೊಂದ್ ಸಂಸಾರ ಇಟ್ಕಂಡೋರು ಇದನ್ನ ಹಾಕ್ಕಳದು ಅಂದ ಅಕ್ಕ. ನಂಗೆ ಅನ್ನ ಇಳೀತಿಲ್ಲ. ನೋಡಿ ನಿಜ ಹೇಳ್ಬುಡಿ, ಏನಿದ್ರೂ ಸರಿ."

ಪಿನ್ ಅವಳೇ ಒತ್ತಿದಳು. ಗಿರಾಕಿ ಪಿನ್ ಒತ್ತುವಾಗ ನಾವು ಮುಖ ತಿರುಗಿಸುವುದು ಅಂಗಡಿಯ ಪದ್ಧತಿ. ಅವತ್ತೂ ತಿರುಗಿಸಿದೆ.

ಅನುಮಾನ ನನಗೂ ಹತ್ತಿತು. ಪುಕ್ಕಟೆ ವಿಪಿಎನ್ ಬೇಡವೆಂದು ಊರಿಗೆಲ್ಲ ಹೇಳಿದವನು ತಾನು ದುಡ್ಡು ಕೊಟ್ಟು ಹಾಕಿಕೊಂಡಿದ್ದ. ದುಡ್ಡು ಕೊಟ್ಟು ಮುಚ್ಚುವಂಥದ್ದು ಏನಿತ್ತು? ಬ್ಯಾಂಕ್ ಮೆಸೇಜು ನೋಡಿದೆ, ಜೂಜಿನ ಗುರುತಿರಲಿಲ್ಲ. ಗೊತ್ತಿಲ್ಲದ ನಂಬರಿಗೆ ಕರೆಗಳಿರಲಿಲ್ಲ. ಬ್ರೌಸರಿನಲ್ಲಿ ನೋಡಿದ್ದು ಉಳಿಯದ ಹಾಗೆ ಮಾಡಿದ್ದ. ಅದು ಪೂರ್ತಿ ಖಾಲಿ. ಆ ಖಾಲಿ ಪುಟ ನೋಡಿ ನನ್ನ ಅನುಮಾನ ಇನ್ನೂ ಬಲವಾಯಿತು.

"ಅಕ್ಕ, ಈ ಬೀಗದ ಕೈ ಏನು?" ಎಂದಳು ಗಿರಿಜಾ. ಪರದೆಯ ಮೇಲ್ತುದಿಯಲ್ಲಿ ಸಣ್ಣ ಬೀಗದ ಕೈ ಚಿತ್ರವಿತ್ತು. ವಿಪಿಎನ್ ಚಾಲೂ ಇದೆ ಎಂಬುದರ ಗುರುತು ಅದು. "ಮನೇಲಿ ಇದು ಇರ್ಲೇ ಇಲ್ಲ. ಇಲ್ಲಿಗ್ ಬಂದ್ಮೇಲೆ ಬಂದದೆ."

ಅಂಗಡಿಯ ವೈ-ಫೈ ಆಫ್ ಮಾಡಿದೆ. ಬೀಗದ ಕೈ ಹೋಯಿತು. ಆನ್ ಮಾಡಿದೆ, ಬಂತು. ಆ್ಯಪ್‌ನ ಸೆಟ್ಟಿಂಗ್ಸ್ ತೆರೆದೆ. ಯಾವ ವೈ-ಫೈಗೆ ಸೇರಿದಾಗ ತಾನಾಗಿ ಚಾಲೂ ಆಗಬೇಕು ಎಂಬಲ್ಲಿ ಒಂದೇ ಹೆಸರಿತ್ತು. ನಮ್ಮ ಅಂಗಡಿಯದು. ರೂಟರ್ ಪುಟದಲ್ಲಿ ಅವನ ಫೋನಿನ ಮುಂದೆ ಕಾಣುತ್ತಿದ್ದ ಆ ಒಂದೇ ವಿಳಾಸ ಈ ವಿಪಿಎನ್‌ನದೇ.

ಗಿರಿಜಾಗೆ ತಿರುಗಿಸಿ ತೋರಿಸಿದೆ. "ನಿಮ್ಮನೇಲಿ ಇದು ಚಾಲೂನೇ ಆಗಿಲ್ಲ ಕಣಮ್ಮ. ಪಿನ್ನೂ ನಿಂಗೆ ಗೊತ್ತು. ನಿನ್ನಿಂದ ಮುಚ್ಚೋಕೆ ಹಾಕ್ಕಂಡಿದ್ದಲ್ಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು, "ಮತ್ತೆ ಯಾರಿಂದ ಅಕ್ಕ?"

ಅಂಗಡಿಯಲ್ಲಿ ರೂಟರ್ ನೋಡುತ್ತಿದ್ದವಳು ನಾನೊಬ್ಬಳೇ. ಹಾಗೆಂದೇ ಹೇಳಿದೆ.

ಗಿರಿಜಾ ತನಗೆ ಗೊತ್ತಿದ್ದ ಎರಡು ಸಂಗತಿ ಹೇಳಿದಳು. ಒಂದು, ಎಡಗೈ ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದನಂತೆ. ಬೆಸುಗೆ ಹಾಕಿ ಹಾಕಿ ಹೀಗಾಗಿದೆ ಅಂದಿದ್ದನಂತೆ. "ಅಕ್ಕಂಗೆ ಹೇಳ್ಬ್ಯಾಡ, ಅಂಗ್ಡಿ ಬಾಗ್ಲು ಹಾಕ್ಸಿ ತುಮಕೂರಿಗೆ ಎಳ್ಕಂಡ್ ಹೋಯ್ತಳೆ ಅಂದ್ರು." ಇನ್ನೊಂದು, ಕೊರಟಗೆರೆಯಲ್ಲಿ ತನ್ನದೇ ಒಂದು ಅಂಗಡಿ ಮಾಡಿದರೆ ಹೆಂಗೆ ಎಂದು ಒಮ್ಮೆ ಕೇಳಿದ್ದನಂತೆ. ಮತ್ತೆ ಆ ಮಾತು ಎತ್ತಲಿಲ್ಲವಂತೆ.

ವಿಪಿಎನ್ ಕಂಪನಿಗೆ ಬರೆದೆ. ಯಾರು ಯಾವ ಸೈಟ್ ನೋಡಿದರೆಂದು ತಾವು ಇಟ್ಟುಕೊಳ್ಳುವುದಿಲ್ಲ ಎಂದು ಉತ್ತರ ಬಂತು. ಇಬ್ಬರಲ್ಲಿ ಯಾರನ್ನು ನಂಬುತ್ತೀರೆಂದು ವ್ಯಾಪಾರಿಯನ್ನು ಕೇಳಿದವನು ತಾನು ನನ್ನನ್ನು ಬಿಟ್ಟು ಆ ಗೊತ್ತಿಲ್ಲದ ಸರ್ವರನ್ನು ನಂಬಿದ್ದ.

ಅಂಗಡಿ ಈಗಲೂ ನಡೆಯುತ್ತಿದೆ. ರೂಟರ್ ಪುಟ ನೋಡುವುದನ್ನು ನಿಲ್ಲಿಸಿದ್ದೇನೆ. ಗಂಡನ ಫೋನಿನಲ್ಲಿ, ಮಗಳ ಫೋನಿನಲ್ಲಿ ವಿಪಿಎನ್ ಇದೆ ಎಂದು ಅನುಮಾನ ಹೊತ್ತು ಜನ ಬರುತ್ತಾರೆ. ಏನು ಮುಚ್ಚಿಟ್ಟಿದ್ದಾರೆ ಎಂದು ಎಲ್ಲರೂ ಕೇಳುತ್ತಾರೆ. ಅದು ಎಲ್ಲೆಲ್ಲಿ ಚಾಲೂ ಆಗುತ್ತದೆ ಎಂದು ನಾನು ಮೊದಲು ನೋಡುತ್ತೇನೆ. ಯಾರಿಂದ ಮುಚ್ಚಿದ್ದು ಎಂಬುದು ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಈ ಕೆಲಸ ಕಲಿಸಿದ್ದು ಅಷ್ಟೇ.

ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ನಾಗರಾಜ ಏನು ಓದುತ್ತಿದ್ದ ಎಂಬುದು ಇನ್ನೂ ಸಿಕ್ಕಿಲ್ಲ.