ಜೋಳದ ಡಬ್ಬಿ ಕಾಯ್ದ ಮಧ್ಯಾಹ್ನ

ವಿದ್ಯೆಯ ದಾರಿ ದೀರ್ಘವಾದದ್ದು, ಕಠಿಣವಾದದ್ದು. ಗದಗದಿಂದ ಮುಂಡರಗಿಗೆ ನೆಟ್ಟಗೆ ಬಸ್ಸಿರುವಾಗ ಲಕ್ಷ್ಮೇಶ್ವರ ಸುತ್ತಿ ಹೋಗುವವನಿಗೆ ಇನ್ನಷ್ಟು ದೀರ್ಘ. ನಾನು ಸುತ್ತಲೇಬೇಕಾಗಿತ್ತು. ಮುಂಡರಗಿಯಾಚೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನನ್ನ ತಮ್ಮನ ಮಗಳು ಸುಮಂಗಲಾ ಕನ್ನಡ ಕಲಿಸುತ್ತಾಳೆ. ಅಲ್ಲಿ ವಿಜ್ಞಾನಕ್ಕೆ ಮಾಸ್ತರರಿಲ್ಲ, ಟಿವಿ ಇದೆ. ಅದಕ್ಕೆ ಹಾಕುವ ಪಾಠಗಳ ಪೆನ್‌ಡ್ರೈವ್ ಲಕ್ಷ್ಮೇಶ್ವರದ ಗೆಳೆಯನ ಹತ್ತಿರ ಇತ್ತು.

ಅದನ್ನು ಜೇಬಿಗೆ ಹಾಕಿಕೊಂಡು ಶಿರಹಟ್ಟಿಗೆ ಬಂದೆ. ಮೇ ತಿಂಗಳ ಬಿಸಿಲಿಗೆ ನಿಲ್ದಾಣದ ಕಲ್ಲುಬೆಂಚು ಕಾದ ಹಂಚಾಗಿತ್ತು. ಒಂದು ಪ್ಲೇಟು ಗಿರ್ಮಿಟ್ ತಿಂದು, ಮುಂಡರಗಿ ಬಸ್ಸು ಯಾವಾಗ ಎಂದು ಅಂಗಡಿಯವನನ್ನು ಕೇಳಿದೆ.

“ಬಂದಾಗ ಬರ್ತೈತ್ರಿ. ಕುಂಡ್ರಿ.”

ಬಂದಾಗ ಬಂತು. ಮುಂಡರಗಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಹಳ್ಳಿ ತಲುಪುವಾಗ ಮಧ್ಯಾಹ್ನವಾಗಿತ್ತು. ಸುಮಂಗಲಾ ನೀರು ಕೊಡುತ್ತಲೇ ವರದಿ ಒಪ್ಪಿಸಿದಳು.

“ದೊಡ್ಡಪ್ಪ, ನಾಳೆ ನಮ್ಮ ಸಾಲಿ ಹುಡುಗಿ ರೇಣುಕಾಂದು ಎಸೆಸೆಲ್ಸಿ ವಿಜ್ಞಾನ ಮರುಪರೀಕ್ಷೆ ಐತ್ರಿ. ಹಿಂದ ಒಮ್ಮೆ ಫೇಲಾಗ್ಯಾಳ. ಈ ಸಲಾನೂ ಹೋದ್ರ ಸಾಲಿ ಬಿಡಿಸಿ ಕೂಲಿಗೆ ಕರ್ಕೊಂಡು ಹೋಗ್ತೀನಿ ಅಂದಾಳ ಅವರವ್ವ.”

“ಹಂಗಾದ್ರ ಪಾಠ ಹಚ್ಚು.”

“ಕರೆಂಟ್ ಬರಬೇಕಲ್ರಿ. ಬಂತಂದ್ರ ಆ ಹುಡುಗಿ ಗಿರಣಿಗೆ ಓಡ್ತಾಳ.”

ಊರಿಗೆ ಹಗಲು ಕರೆಂಟ್ ಬರುವುದು ಒಂದೇ ಹೊತ್ತು. ಟಿವಿಯೂ ಹಿಟ್ಟಿನ ಗಿರಣಿಯೂ ಆಗಲೇ ನಡೆಯಬೇಕು. ಗಿರಣಿಯಲ್ಲಿ ಮುಂಜಾನೆಯಿಂದ ಡಬ್ಬಿಗಳು ಪಾಳಿ ಹಚ್ಚಿರುತ್ತವೆ. ಪಾಳಿ ಬಂದಾಗ ಒಡೆಯರಿಲ್ಲದಿದ್ದರೆ ಡಬ್ಬಿ ಹಿಂದಕ್ಕೆ ಹೋಗುತ್ತದೆ. ತಾಯಿ ಕೂಲಿಗೆ ಹೋದ ಮನೆಯಲ್ಲಿ ಮಗಳೇ ನಿಲ್ಲಬೇಕು.

“ರೇಣುಕಾನ ಡಬ್ಬಿ ನಾ ಕಾಯ್ತೀನಿ” ಎಂದು ಗಂಭೀರವಾಗಿ ಘೋಷಿಸಿದೆ. ಮಾಸ್ತರನಾಗಿ ಜೀವಮಾನವಿಡೀ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನಿಗೆ ಡಬ್ಬಿಗಳ ಸಾಲು ಯಾವ ಲೆಕ್ಕ?

ಕರೆಂಟ್ ಬಂತು. ಅಲ್ಲಿ ಟಿವಿ ಮುಂದೆ ರೇಣುಕಾ, ಇಲ್ಲಿ ಗಿರಣಿಯ ಪಾಳಿಯಲ್ಲಿ ನಾನು. ನನ್ನ ಮುಂದಿನವರದು ಕಡಲೆ. ಅದು ಮುಗಿಯುತ್ತಲೇ ನಮ್ಮ ಜೋಳದ ಡಬ್ಬಿ ಮುಂದಿಟ್ಟೆ. ಹಿಂದಿದ್ದ ಹೆಂಗಸು ತಡೆದಳು.

“ಅಜ್ಜಾರ, ಈಗರ ಕಡ್ಲಿ ಬೀಸ್ಯಾರ. ನಂದೂ ಕಡ್ಲಿ, ಮುಂದ ಬಿಡ್ರಿ. ಕಲ್ಲಾಗ ಉಳಿದ ಕಡ್ಲಿ ಹಿಟ್ಟು ನಿಮ್ಮ ಜ್ವಾಳಕ್ಕ ಕೂಡ್ತೈತಿ.”

“ಪಾಳಿ ಅಂದ್ರ ಪಾಳಿ” ಎಂದೆ. ಗಿರಣಿಯವನು ನಿಟ್ಟುಸಿರು ಬಿಟ್ಟು ಜೋಳ ಸುರಿದ. ಹಿಟ್ಟು ಹಳದಿಯಾಗಿ ಇಳಿಯಿತು.

“ಇವತ್ತ ರೇಣುಕಾನ ಮನ್ಯಾಗ ಭಜಿ ಐತಿ ನಡೀರವಾ!” ಎಂದಳು ಇನ್ನೊಬ್ಬಳು. ಗಿರಣಿ ತುಂಬ ನಗೆ.

ಅಷ್ಟರಲ್ಲಿ ಕೂಲಿ ಮುಗಿಸಿ ರೇಣುಕಾಳ ತಾಯಿ ಬಂದಳು.

“ನಮ್ಮ ಹುಡುಗಿ ಎಲ್ಲಿ?”

“ಸಾಲ್ಯಾಗ ಟಿವಿ ಮುಂದ ಕುಂತಾಳ. ಪಾಠ ನೋಡಾಕತ್ಯಾಳ” ಎಂದೆ.

ಆಕೆ ಹಿಟ್ಟು ಬೆರಳಲ್ಲಿ ತಿಕ್ಕಿ ಮೂಸಿದಳು. “ರೊಟ್ಟಿ ಹರೀತಾವು” ಎಂದಳು. ಡಬ್ಬಿಯ ಮುಚ್ಚಳ ಒತ್ತಿ, “ಹರೀಲಿ ಬಿಡ್ರಿ. ಮುಗಿಯೂತನಕ ಅಕಿನ್ನ ಎಬ್ಬಸಬ್ಯಾಡ್ರಿ” ಎಂದು ಡಬ್ಬಿ ತಲೆಯ ಮೇಲಿಟ್ಟುಕೊಂಡು ಹೋದಳು.

ಆಕೆ ತಿರುವು ದಾಟುವ ಮೊದಲೇ ಕರೆಂಟ್ ಹೋಗಿ ಗಿರಣಿ ನಿಂತಿತು. ಶಾಲೆಗೆ ಹೋಗಿ ನೋಡಿದೆ. ಬೆಳಕಿನ ಪಾಠ ಮುಗಿದಿತ್ತು, ವಿದ್ಯುತ್ತಿನ ಪಾಠ ಆಗಷ್ಟೇ ಶುರುವಾಗಿತ್ತು. ಕಪ್ಪು ಪರದೆಯ ಮುಂದೆ ರೇಣುಕಾ ಪೆನ್ನು ಹಿಡಿದೇ ಕುಳಿತಿದ್ದಳು. ಸಂಜೆಯವರೆಗೆ ಕಾದೆವು, ಕರೆಂಟ್ ಬರಲಿಲ್ಲ.

ಮರುದಿನ ಪರೀಕ್ಷೆಗೆ ಹೊರಟ ಅವಳೂ ನಾನೂ ಮುಂಡರಗಿಯವರೆಗೆ ಒಂದೇ ಬಸ್ಸಿನಲ್ಲಿ ನಿಂತುಕೊಂಡು ಬಂದೆವು. ಅಲ್ಲಿಂದ ನಾನು ಗದಗಕ್ಕೆ ಮರಳಿದೆ, ಈ ಸಲ ನೆಟ್ಟಗೆ. ರೇಣುಕಾ ಬೆಳಕಿನ ಪ್ರಶ್ನೆಗಳಿಗೆ ಉತ್ತರ ಬರೆದಳು, ವಿದ್ಯುತ್ತಿನವನ್ನು ಬಿಟ್ಟಳು. ಪಾಸಾದಳು.