ಯಾರೂ ಇಲ್ಲ ಎಂದೆ

ಕೃಷ್ಣನ ಕಣ್ಣಿನ ಗುಟ್ಟನ್ನು ಚಿಂತಾಮಣಿಯವರಿಗೆ ಹೇಳಿದವನು ನಾನು. ಬಷೀರ್ ಅಲ್ಲ.

ಇದನ್ನು ಮೊದಲೇ ಬರೆದುಬಿಡಬೇಕು. ಇಲ್ಲದಿದ್ದರೆ ಅದು ಇದು ಹೇಳುತ್ತಾ ನಾನು ಮತ್ತೆ ತಪ್ಪಿಸಿಕೊಳ್ಳುತ್ತೇನೆ — ಎಷ್ಟೋ ವರ್ಷ ತಪ್ಪಿಸಿಕೊಂಡು ಅಭ್ಯಾಸವಾಗಿದೆ. ಆದರೆ ಆ ಮಾತು ಬಾಯಿ ಜಾರಿದ್ದು. ಅದಾದ ಮೇಲೆ ನಾನು ಮಾಡಿದ್ದೊಂದಿದೆ, ಅದು ಜಾರಿದ್ದಲ್ಲ. ನೋಡಿ, ತಿಳಿದು, ನಿಂತು ಮಾಡಿದ್ದು.

ನಾವು ಮೂವರೂ ಶಿಡ್ಲಘಟ್ಟದವರು. ನಮ್ಮಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಕೃಷ್ಣನ ತಾಯಿ ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ತಂದೆ ಇರಲಿಲ್ಲ, ರತ್ನ ಅಂತ ಒಬ್ಬಳು ತಂಗಿ. ಬಷೀರನ ಮನೆಯಲ್ಲೂ ರೇಷ್ಮೆಯದೇ ಕೆಲಸ. ಒಂದೇ ಹೈಸ್ಕೂಲು, ಒಂದೇ ಬೆಂಚು. ಹೈಸ್ಕೂಲಿನ ಹಿಂದಿನ ಮಣ್ಣಿನ ಅಂಕಣದಲ್ಲಿ ಡ್ರಿಲ್ ಮಾಸ್ತರರು ಮೂವರ ಕೈಗೂ ಬ್ಯಾಸ್ಕೆಟ್‌ಬಾಲ್ ಕೊಟ್ಟರು. ಬಷೀರನಿಗೂ ನನಗೂ ಅದು ಹತ್ತಲಿಲ್ಲ. ಕೃಷ್ಣನ ಕೈಗೆ ಚೆಂಡು ಬಂದರೆ ಮಾತ್ರ — ಹೇಗೆ ಹೇಳಲಿ — ಚೆಂಡು ಅವನಿಗಾಗಿಯೇ ಕಾಯುತ್ತಿತ್ತೇನೋ ಅನ್ನಿಸುತ್ತಿತ್ತು. ಅವನು ಆಟಗಾರನಾದ. ನಾವಿಬ್ಬರು ಅವನ ಅಭಿಮಾನಿಗಳಾದೆವು. ಅವನು ಆಡಿದ ಕಡೆಗೆಲ್ಲ ಬಸ್ಸಿನಲ್ಲಿ, ಬಸ್ಸಿಲ್ಲದಿದ್ದರೆ ಬಷೀರನ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು.

ಕೃಷ್ಣನಿಗೆ ಎಡಗಣ್ಣು ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ. ಬೆಳಕು ಕತ್ತಲೆ ಬಿಟ್ಟರೆ ಆ ಕಣ್ಣಿಗೆ ಏನೂ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಇದ್ದವು. ಆಟದಲ್ಲಿ ಅವನು ಸದಾ ಅಂಕಣದ ಎಡ ಅಂಚಿಗೆ ಅಂಟಿಕೊಂಡು ಆಡುತ್ತಿದ್ದ — ಎಡಗಡೆಯಿಂದ ಯಾರೂ ಬರದ ಹಾಗೆ. ನೋಡುವವರು ಅದನ್ನು ಅವನ ಶೈಲಿ ಎಂದು ತಿಳಿದಿದ್ದರು. ನಿಜ ಗೊತ್ತಿದ್ದದ್ದು ಅವನ ಮನೆಯವರಿಗೆ, ಬಷೀರನಿಗೆ, ನನಗೆ. "ತಂಡದೋರಿಗೆ ಗೊತ್ತಾದ್ರೆ ಕೂರಿಸ್ಬಿಡ್ತಾರೆ ಕಣ್ರೋ," ಎಂದು ಒಮ್ಮೆ ಹೇಳಿದ್ದ. ನಾವು ಆಣೆ ಗೀಣೆ ಏನೂ ಮಾಡಲಿಲ್ಲ. ಅದರ ಅಗತ್ಯ ಇತ್ತೆಂದು ಯಾರಿಗೂ ಅನ್ನಿಸಲಿಲ್ಲ.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ ಇರಬೇಕು. ನಮ್ಮೂರಿನ ತಂಡ ಮೊದಲ ಸಲ ಜಿಲ್ಲೆಯ ಸೆಮಿಫೈನಲ್ ತಲುಪಿತು. ಸಂಕ್ರಾಂತಿ ಕಳೆದು, ಯುಗಾದಿ ಇನ್ನೂ ಬರಬೇಕಾಗಿದ್ದ ಕಾಲ. ಊರೆಲ್ಲ ಅದೇ ಮಾತು. ಬಸ್ ನಿಲ್ದಾಣದ ಕಾಫಿ ಹೋಟೆಲಿನಲ್ಲಿ ಕೂತರೆ, ಚಿಕ್ಕಬಳ್ಳಾಪುರದವರು ಕಡೇ ಆಟ ಸೋತರೆ ಯಾರು ಮೇಲೆ, ಗೌರಿಬಿದನೂರಿನವರು ಗೆದ್ದರೆ ಯಾರು ಕೆಳಗೆ — ಹೀಗೆ ಕಾಫಿ ಆರಿಹೋಗುವ ತನಕ ಲೆಕ್ಕಾಚಾರ. ಬೆಂಗಳೂರಿನ ಒಂದು ಕಾರ್ಖಾನೆಯ ತಂಡದವರು ಸೆಮಿಫೈನಲ್ ನೋಡಲು ಬರುತ್ತಾರೆ, ಒಳ್ಳೆಯ ಆಟಗಾರನಿಗೆ ಕೆಲಸ ಕೊಡುತ್ತಾರೆ ಎಂಬ ಸುದ್ದಿಯೂ ಹಬ್ಬಿತ್ತು. ಕೃಷ್ಣನ ತಾಯಿಯ ಕೈಬೆರಳುಗಳು ರೇಷ್ಮೆಗೂಡು ಬೇಯಿಸುವ ಬಿಸಿನೀರಿನಲ್ಲಿ ಬೆಂದು ಬೆಳ್ಳಗಾಗಿದ್ದವು. ಆ ಕೆಲಸ ಸಿಕ್ಕರೆ ಅಮ್ಮನನ್ನು ಮನೆಯಲ್ಲಿ ಕೂರಿಸುತ್ತೇನೆ ಎಂದು ಕೃಷ್ಣ ನಮ್ಮಿಬ್ಬರ ಹತ್ತಿರ ಮಾತ್ರ ಹೇಳಿದ್ದ.

ಅದೇ ವಾರ ಅಂಗಡಿಯ ಕೆಲಸಕ್ಕೆಂದು ಅಪ್ಪ ನನ್ನನ್ನು ಚಿಂತಾಮಣಿಗೆ ಕಳಿಸಿದರು. ಅವತ್ತು ಅಲ್ಲಿ ಕೊನೆಯ ಲೀಗ್ ಆಟವಿತ್ತು. ಕೆಲಸ ಮುಗಿಸಿ ಆಟ ನೋಡಿದೆ. ಚಿಂತಾಮಣಿಯವರು ಗೆದ್ದರು; ಸೆಮಿಫೈನಲ್‌ನಲ್ಲಿ ನಮಗೆ ಎದುರಾಳಿಗಳು ಅವರೇ ಎಂದಾಯಿತು. ಮೈದಾನದ ಎದುರಿನ ಹೋಟೆಲಿನಲ್ಲಿ ಜನ ತುಂಬಿತ್ತು. ನಾನೂ ಒಂದು ಬೆಂಚಿನ ತುದಿಯಲ್ಲಿ ಕೂತೆ. ನಾನು ಯಾರೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಶಿಡ್ಲಘಟ್ಟದೋರೇನು ಬಿಡ್ರಿ, ಆ ಕೃಷ್ಣ ಒಬ್ಬನ್ನ ಹಿಡಿದ್ರೆ ಮುಗೀತು," ಎಂದ ಒಬ್ಬ.

"ಅವನನ್ನ ಹಿಡಿಯೋದ್ಯಾರಪ್ಪಾ?" ಎಂದ ಇನ್ನೊಬ್ಬ.

ರುಮಾಲು ಸುತ್ತಿದ್ದ ಒಬ್ಬ ಹಿರಿಯರು ನಕ್ಕರು. "ಏಮಯ್ಯಾ, ಅವನದೂ ಒಂದು ಆಟವಾ? ಮೂಲೇಲಿ ನಿಂತ್ಕೊಂಡು ಚೆಂಡು ಎಸೀತಾನೆ. ಧೈರ್ಯ ಇಲ್ಲ ಅವನಿಗೆ. ನಡುವೆ ಬಂದು ಆಡ್ಲಿ, ನೋಡಣ."

ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು.

"ಒಂದೇ ಕಣ್ಣಲ್ಲಿ ನಿಮ್ಮ ತಂಡಾನೆಲ್ಲ ಕುಣಿಸ್ತಾನೆ ರೀ ಅವನು!" ಎಂದೆ.

ರುಮಾಲಿನವರು ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, ಮಗುವನ್ನು ಕೇಳುವ ಹಾಗೆ ಕೇಳಿದರು: "ಹೌದಾಪ್ಪಾ? ಯಾವ ಕಣ್ಣು ಕಾಣಲ್ಲ?"

ಆಗಲಾದರೂ ಎದ್ದು ಹೋಗಬಹುದಿತ್ತು. ಸುಳ್ಳು ಹೇಳಬಹುದಿತ್ತು. ಮೊದಲ ಮಾತು ಅಭಿಮಾನದಿಂದ ಬಂತೆಂದೇ ಇಟ್ಟುಕೊಳ್ಳೋಣ — ಎರಡನೆಯದು? ಅಷ್ಟೂ ಜನ ನನ್ನ ಬಾಯನ್ನೇ ನೋಡುತ್ತಿದ್ದರು. ನಮ್ಮೂರಿನ ಹೋಟೆಲಿನಲ್ಲಿ ನನ್ನ ಮಾತನ್ನು ಯಾರೂ ಹಾಗೆ ಕೇಳಿದವರಲ್ಲ. ಆ ಒಂದು ಗಳಿಗೆ ನನಗೆ — ಬರೆಯಲು ನಾಚಿಕೆಯಾಗುತ್ತದೆ — ಹಿತವಾಗಿತ್ತು.

"ಎಡಗಣ್ಣು," ಎಂದೆ.

ಸೆಮಿಫೈನಲ್ ನಡೆದದ್ದು ಚಿಕ್ಕಬಳ್ಳಾಪುರದಲ್ಲಿ. ನಂದಿ ಬೆಟ್ಟದ ಕಡೆಯಿಂದ ಒಳ್ಳೆ ಗಾಳಿ ಬೀಸುತ್ತಿತ್ತು. ಬಷೀರನೂ ನಾನೂ ಸುಣ್ಣದ ಗೆರೆಗೆ ಕಾಲು ತಾಗುವಷ್ಟು ಹತ್ತಿರ ಕೂತಿದ್ದೆವು. ಆಟ ಶುರುವಾಗುತ್ತಲೇ ನನಗೆ ತಿಳಿಯಿತು. ಚಿಂತಾಮಣಿಯ ಇಬ್ಬರು ಕೃಷ್ಣನನ್ನು ಅಂಚಿನಿಂದ ನಡುವಿಗೆ ಎಳೆದುಕೊಂಡರು. ಒಬ್ಬ ಸದಾ ಅವನ ಎಡಕ್ಕೇ ನಿಂತ. ಕೃಷ್ಣ ಕೊಟ್ಟ ಚೆಂಡುಗಳೆಲ್ಲ ಅವರ ಕೈಗೆ ಹೋಗತೊಡಗಿದವು. ಬಷೀರ್ ನನ್ನ ತೋಳು ಹಿಡಿದು, "ಇವರಿಗೆ ಹೆಂಗೋ ಗೊತ್ತಾಗಿದೆ ಕಣೋ," ಎಂದ. ನಾನು ಅಂಕಣದ ಕಡೆಯೇ ನೋಡಿದೆ.

ರಿಂಗಿನ ಕೆಳಗೆ ಚೆಂಡಿಗಾಗಿ ನಾಲ್ಕಾರು ಜನ ಒಟ್ಟಿಗೆ ನೆಗೆದರು. ಎಡಗಡೆಯವನನ್ನು ನೋಡಲು ಕೃಷ್ಣ ಪೂರ್ತಿ ಕತ್ತು ತಿರುಗಿಸಬೇಕಿತ್ತು. ತಿರುಗಿಸಿದ. ಆ ಹುಡುಗನ ಮೊಣಕೈ ನೇರ ಬಲಗಣ್ಣಿಗೆ ಬಿತ್ತು. ಅವನು ಬೇಕೆಂದು ಹೊಡೆದದ್ದಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಕೃಷ್ಣ ಮುಖ ಮುಚ್ಚಿಕೊಂಡು ಕುಸಿದ. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು, "ಯಾಕೆ, ಆಟ ನಿಲ್ಲಿಸಿದ್ರಾ?" ಎಂದು ಕೇಳಿದ. ಆಟ ಅವನ ಕಣ್ಣ ಮುಂದೆಯೇ ನಡೆಯುತ್ತಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದ. ಆ ಕಣ್ಣು ಬರಲಿಲ್ಲ.

ಶಿಡ್ಲಘಟ್ಟದ ಒಬ್ಬ ಹುಡುಗನೇ ಗುಟ್ಟು ಹೇಳಿದ್ದಂತೆ ಎಂಬ ಮಾತು ಚಿಂತಾಮಣಿಯಿಂದ ನಮ್ಮೂರಿಗೆ ಬಂತು. ಯಾರೆಂದು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಬಷೀರನ ಸೋದರಮಾವ ಇದ್ದದ್ದು ಚಿಂತಾಮಣಿಯಲ್ಲಿ. ಬಷೀರ್ ಆಗಾಗ ಅಲ್ಲಿಗೆ ಹೋಗಿಬರುತ್ತಿದ್ದ. ಕಾಫಿ ಹೋಟೆಲಿನಲ್ಲಿ, ಆಟದ ಲೆಕ್ಕಾಚಾರ ಮಾಡುತ್ತಿದ್ದ ಅದೇ ಜನ, ಒಂದೇ ಸಂಜೆಯಲ್ಲಿ ತೀರ್ಮಾನ ಮಾಡಿದರು. "ಅವರ ಜನ ಅಲ್ಲೇ ಇದಾರಲ್ಲಪ್ಪ, ಇನ್ಯಾರು ಹೇಳ್ತಾರೆ?" ಎಂದರು. ಬಷೀರನ ಜಾಗದಲ್ಲಿ ನಮ್ಮವನೇ ಒಬ್ಬ ಇದ್ದಿದ್ದರೆ ಅಷ್ಟು ಬೇಗ ಮುಗಿಯುತ್ತಿತ್ತೇ? — ನಾನು ಅಲ್ಲೇ ಕೂತಿದ್ದೆ. "ವೆಂಕಟೇಶಾ, ನೀನೇನಂತೀಯ?" ಎಂದು ಯಾರೋ ಕೇಳಿದರು. "ನಂಗೇನು ಗೊತ್ತು," ಎಂದೆ.

ಈಗ ಆ ಇನ್ನೊಂದು.

ಕೃಷ್ಣ ಮನೆಗೆ ಬಂದ ಮೇಲೆ ದಿನವೂ ನಾನು ಹೋಗಿ ಕೂರುತ್ತಿದ್ದೆ. ಅವತ್ತು ಮಧ್ಯಾಹ್ನ ಅವನ ತಾಯಿ ಹಿತ್ತಲಿನಲ್ಲಿದ್ದರು, ರತ್ನ ನೀರಿಗೆ ಹೋಗಿದ್ದಳು. ಕೃಷ್ಣ ಚಾಪೆಯ ಮೇಲೆ ಗೋಡೆಗೆ ಒರಗಿದ್ದ, ಕಣ್ಣಿಗೆ ಪಟ್ಟಿ. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದೆ. ಬಷೀರ್. ಕೈಯಲ್ಲಿ ಒಂದು ಚೀಲ, ಕಿತ್ತಳೆ ಹಣ್ಣಿರಬೇಕು. ಹೊಸ್ತಿಲ ಆಚೆಯೇ ನಿಂತು ಕೃಷ್ಣನ ಮುಖ ನೋಡುತ್ತಿದ್ದ. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ.

ಕೃಷ್ಣ ಮುಖ ಎತ್ತಿದ. "ಯಾರೋ ಅದು?" ಎಂದ.

ಬಷೀರ್ ನನ್ನ ಕಡೆ ನೋಡಿದ. ನಾನು ಹೆಸರು ಹೇಳುತ್ತೇನೆಂದು ಕಾದ. ಅವನು ಒಳಗೆ ಬಂದು ಕೂತು ಒಂದು ಮಾತಾಡಿದರೆ ಸಾಕು, ಕೃಷ್ಣ ನಂಬುತ್ತಾನೆ. ನಂಬಿದರೆ, ಉಳಿಯುವವನು ನಾನೊಬ್ಬ. ಅಷ್ಟು ಯೋಚನೆ ಮಾಡುವಷ್ಟು ಹೊತ್ತಿತ್ತು ನನಗೆ.

"ಯಾರೂ ಇಲ್ಲ ಕಣೋ," ಎಂದೆ. "ಗಾಳಿ."

ಬಷೀರನ ಮುಖವನ್ನು ಬರೆಯಲಾರೆ. ಕೈಸನ್ನೆ ಮಾಡಿ ಅವನನ್ನು ಹೊರಗೆ ಕಳಿಸಿ, ನೀರು ಕುಡಿದು ಬರುತ್ತೇನೆಂದು ಕೃಷ್ಣನಿಗೆ ಹೇಳಿ ಹಿಂದೆಯೇ ಹೋದೆ. ಬೀದಿ ತಿರುವಿನಲ್ಲಿ ಅವನು ನನ್ನ ಎರಡೂ ಕೈ ಹಿಡಿದುಕೊಂಡ.

"ನಾನು ಹೇಳಿಲ್ಲ ಕಣೋ. ಅಲ್ಲಾನಾಣೆ ನಾನು ಹೇಳಿಲ್ಲ. ನೀನಾದ್ರೂ ನಂಬ್ತೀಯಲ್ಲಾ?"

"ನಂಬ್ತೀನಿ," ಎಂದೆ. ಅದೊಂದೇ ನಿಜ ಅವತ್ತು ನಾನಾಡಿದ್ದು. ಆಮೇಲೆ, "ಆದ್ರೆ ನೀನು ಬರೋದು ಬೇಡ ಅಂತ ಅವನೇ ಹೇಳ್ಬಿಟ್ಟಿದಾನೆ. ಇನ್ಮೇಲೆ ಬರ್ಬೇಡಪ್ಪ," ಎಂದೆ.

ಚೀಲವನ್ನು ನನ್ನ ಕೈಗೆ ಕೊಟ್ಟು ಹೋದ. ಹಣ್ಣನ್ನು ನಾನು ಕೃಷ್ಣನಿಗೇ ಸುಲಿದುಕೊಟ್ಟೆ — ನಾನು ತಂದದ್ದೆಂದು. ಮಳೆಗಾಲ ಬರುವಷ್ಟರಲ್ಲಿ ಬಷೀರ್ ಊರು ಬಿಟ್ಟು ಗೌರಿಬಿದನೂರಿನಲ್ಲಿ ಸೈಕಲ್ ಅಂಗಡಿ ಇಟ್ಟ ಎಂದು ಕೇಳಿದೆ.

ವರ್ಷಗಳು ಹೋದವು. ಕೃಷ್ಣನಿಗೆ ಆಟದ ಹುಚ್ಚು ಬಿಡಲಿಲ್ಲ. ಪ್ರತಿ ವರ್ಷವೂ ನಾನು ಅವನ ಕೈ ಹಿಡಿದು ಮೈದಾನಕ್ಕೆ ಕರೆದೊಯ್ಯುತ್ತಿದ್ದೆ, ಪಕ್ಕದಲ್ಲಿ ಕೂತು ಆಟವನ್ನೆಲ್ಲ ಕಿವಿಯಲ್ಲಿ ಹೇಳುತ್ತಿದ್ದೆ. ಚೆಂಡು ಯಾರ ಕೈಲಿದೆ, ಎಲ್ಲಿಂದ ಎಸೆದ, ರಿಂಗಿಗೆ ತಾಗಿ ಹೊರಗೆ ಬಂತೋ ಒಳಗೆ ಬಿತ್ತೋ. ನಾನು ಹೇಳಿ ಮುಗಿಸುವ ಮೊದಲೇ ಅವನು ಸದ್ದಿನಿಂದಲೇ, "ಬಿತ್ತು!" ಅನ್ನುತ್ತಿದ್ದ. ಜನ ನನ್ನನ್ನು ಹೊಗಳುತ್ತಿದ್ದರು. ಸ್ನೇಹಿತ ಅಂದರೆ ವೆಂಕಟೇಶನ ಥರ ಇರಬೇಕು ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ಕೃಷ್ಣನ ತಾಯಿ ಸಾಯುವ ಮುಂಚೆ ನನ್ನ ತಲೆ ಮುಟ್ಟಿ, "ನೀನೂ ನನ್ನ ಮಗನೇ ಕಣಪ್ಪ," ಎಂದರು. ಆ ಕೈಯನ್ನು ನಾನು ಸರಿಸಲಿಲ್ಲ.

ಕೊನೆಗೊಂದು ವರ್ಷ, ಲೀಗ್ ಮುಗಿಯುತ್ತಾ ಬಂದಿತ್ತು. ನಮ್ಮೂರಿನವರು ಮತ್ತೆ ಸೆಮಿಫೈನಲ್‌ಗೆ ಹತ್ತಿರವಾಗಿದ್ದರು. ಆಟ ನೋಡಿ ಕಾಫಿ ಹೋಟೆಲಿಗೆ ಬಂದೆವು. ಹಳೆಯ ಆಟ ನೋಡದ, ಹೊಸ ತಲೆಮಾರಿನ ಹುಡುಗನೊಬ್ಬ ಜೋರಾಗಿ ಹೇಳುತ್ತಿದ್ದ: "ಈ ಸಲ ಗೆದ್ದೇ ಗೆಲ್ತೀವಿ. ನಮ್ಮಲ್ಲಿ ಇನ್ನೊಬ್ಬ ಬಷೀರ್ ಇಲ್ದಿದ್ರೆ ಸರಿ." ಎಲ್ಲರೂ ನಕ್ಕರು. ಆ ಹುಡುಗ ಬಷೀರನನ್ನು ಕಂಡವನೇ ಅಲ್ಲ. ಹೆಸರು ಗಾದೆಯಾಗಿ ಹೋಗಿತ್ತು.

ಕೃಷ್ಣ ಲೋಟ ಕೆಳಗಿಟ್ಟ. "ಎದ್ದೇಳು, ಹೋಗಣ," ಎಂದ.

ಪೇಟೆ ಬೀದಿ ದಾಟಿದೆವು. ಆಮೇಲೆ ತಾನಾಗಿಯೇ ಹೇಳಿದ: "ಅವನು ಹೇಳಿದ್ನೋ ಬಿಟ್ನೋ, ನಂಗೆ ಅದರ ಮೇಲೆ ಸಿಟ್ಟಿಲ್ಲ ಕಣೋ. ಬಾಯಿ ಜಾರಿರುತ್ತೆ. ಯಾರಿಗೆ ಜಾರಲ್ಲ? ಆದ್ರೆ ಒಂದ್ಸಲ ಬಂದು ನೋಡ್ಲಿಲ್ಲ ನೋಡು. ಬಂದೇ ಬರ್ತಾನೆ ಅಂತ ಕಾಯ್ತಿದ್ದೆ. ಬಾಗಿಲು ಹಾಕ್ಬೇಡ ಅಂತ ಅಮ್ಮಂಗೆ ಹೇಳಿದ್ದೆ."

ಬಾಯಿ ಜಾರಿದ್ದನ್ನು ಅವನು ಎಂದೋ ಕ್ಷಮಿಸಿದ್ದ. ಯಾವುದಕ್ಕೆ ಹೆದರಿ ನಾನು ಅವನ ಸ್ನೇಹಿತನನ್ನು ಬಾಗಿಲಿನಿಂದ ಓಡಿಸಿದೆನೋ, ಅದು ಅವನಿಗೆ ಒಂದು ವಿಷಯವೇ ಆಗಿರಲಿಲ್ಲ. ಅಷ್ಟು ವರ್ಷ ಅವನನ್ನು ನೋಯಿಸಿದ್ದು ಬಷೀರ್ ಬರಲಿಲ್ಲ ಎಂಬುದೊಂದೇ. ಬಷೀರ್ ಬಂದಿದ್ದ.

ಅಲ್ಲೇ ಬೀದಿಯಲ್ಲಿ ಹೇಳಿದೆ. ಚಿಂತಾಮಣಿಯ ಹೋಟೆಲು, ಎಡಗಣ್ಣು, ಆ ಮಧ್ಯಾಹ್ನ, ಬೀದಿ ತಿರುವು — ಎಲ್ಲ. ಕೃಷ್ಣ ಅಲ್ಲಾಡದೆ ಕೇಳಿದ. ಕೊನೆಗೆ, "ಆ ಕಿತ್ತಳೆ ಹಣ್ಣು ಅವನು ತಂದಿದ್ದಾ?" ಎಂದ.

"ಹೂಂ," ಎಂದೆ.

ನನ್ನ ತೋಳಿನ ಮೇಲಿದ್ದ ಕೈಯನ್ನು ತೆಗೆದ. ಗೋಡೆ ಮುಟ್ಟಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಹೊರಟ. ಎರಡು ಸಲ ಎಡವಿದ. ಹಿಡಿಯಲು ಹೋದೆ. "ಬೇಡ," ಎಂದ. ಅದು ಅವನು ನನ್ನೊಂದಿಗೆ ಆಡಿದ ಕೊನೆಯ ಮಾತು.

ಗೌರಿಬಿದನೂರಿಗೆ ಹೋದೆ. ಬಷೀರನ ಗಡ್ಡದಲ್ಲಿ ಆಗಲೇ ಬಿಳಿ ಕೂದಲು ಬಂದಿತ್ತು. ಒಂದು ಸೈಕಲ್ ಚಕ್ರದ ಕಡ್ಡಿ ಬಿಗಿಯುತ್ತಾ ನಾನು ಹೇಳಿದ್ದನ್ನೆಲ್ಲ ಕೇಳಿದ. ಬೈಯಲಿಲ್ಲ. ಬೈಯಲೆಂದು ಆಸೆಪಟ್ಟಿದ್ದೆ. "ಅವನು ಕಾಯ್ತಿದ್ನಂತಾ?" ಎಂದು ಒಂದೇ ಸಲ ಕೇಳಿದ. ಹೌದೆಂದೆ. ಚಕ್ರ ಬಿಟ್ಟು ಒಳಗೆ ಹೋದವನು ಹೊರಗೆ ಬರಲಿಲ್ಲ. ಅವನ ಮಗಳು ಬಂದು, "ಅಬ್ಬಾ ನಿಮ್ಮನ್ನ ಹೋಗೋಕೆ ಹೇಳಿದ್ರು," ಎಂದಳು.

ಊರಿಗೆ ಬಂದು, ಕಾಫಿ ಹೋಟೆಲಿನಲ್ಲಿ ಎಲ್ಲರ ಮುಂದೆ ನಿಂತು ಹೇಳಿದೆ, ಅದು ಬಷೀರ್ ಅಲ್ಲ, ನಾನು ಎಂದು. ಹೊಡೆಯುತ್ತಾರೆ ಅಂದುಕೊಂಡಿದ್ದೆ. "ಹೋಗ್ಲಿ ಬಿಡಪ್ಪ, ಯಾವ ಕಾಲದ್ದೋ," ಎಂದರು ಒಬ್ಬರು. ಇನ್ನೊಬ್ಬರು ಭಾನುವಾರದ ಆಟದ ಮಾತೆತ್ತಿದರು. ಒಬ್ಬ ಮನುಷ್ಯನನ್ನು ಊರು ಬಿಡಿಸಿದ ಜನಕ್ಕೆ ಅವನ ಹೆಸರನ್ನು ತಿರುಗಿ ಕೊಡಲು ಅಷ್ಟು ಪುರುಸೊತ್ತೂ ಇರಲಿಲ್ಲ. ಅವರನ್ನು ದೂರುತ್ತಿಲ್ಲ. ಅವರ ನಡುವೆ ಬಾಯಿಮುಚ್ಚಿ ಕೂತಿದ್ದವನು ನಾನು.

ಸೆಮಿಫೈನಲ್ ದಿನ ಊರಿಗೆ ಊರೇ ಆಟಕ್ಕೆ ಹೋಗಿತ್ತು. ಕೃಷ್ಣ ಹೋಗಲಿಲ್ಲ. ಬೆಳಿಗ್ಗೆಯೇ ತಂಗಿ ರತ್ನಮ್ಮನ ಜೊತೆ ಗೌರಿಬಿದನೂರಿಗೆ ಹೋದನೆಂದು ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದರು. ಸಂಜೆ ತನಕ ಅಲ್ಲೇ ಕೂತೆ. ಬಸ್ಸು ಬಂತು. ರತ್ನಮ್ಮ ಇಳಿದು ಅಣ್ಣನ ಕೈ ಹಿಡಿದು ಇಳಿಸಿದಳು. ನನ್ನನ್ನು ನೋಡಿದಳು, ಕೃಷ್ಣನಿಗೆ ಹೇಳಲಿಲ್ಲ. ಬಷೀರ್ ಅವರಿಗೆ ಸಿಕ್ಕನೋ ಇಲ್ಲವೋ, ಸಿಕ್ಕಿದ್ದರೆ ಏನು ಮಾತಾಡಿದರೋ — ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಹಕ್ಕೂ ಇಲ್ಲ. ಅಣ್ಣ ತಂಗಿ ಇಬ್ಬರೂ ಪೇಟೆ ಬೀದಿ ಬಿಟ್ಟು ಕೆರೆಯ ಕಡೆಯ ದಾರಿ ಹಿಡಿದರು. ಹೋಗುತ್ತಾ ಕೃಷ್ಣ ಒಮ್ಮೆ ನಿಂತು, ಟವೆಲಿನಿಂದ ಮುಖ ಒರೆಸಿಕೊಂಡ. ಬೆವರೋ, ಕಣ್ಣೀರೋ, ಅಷ್ಟು ದೂರದಿಂದ ತಿಳಿಯಲಿಲ್ಲ.

ನಾನು ಹತ್ತಿರ ಹೋಗಲಿಲ್ಲ.